ಹಕಾರ ಬಿಟ್ಟವರ ಇಂಗ್ಲಿಷ್

ಅತ್ತಿಬೆಲೆಯ ಗಡಿ ದಾಟಿದರೆ ಸಿಗುವ ಊರನ್ನು ನಾವು ‘ಹೊಸೂರು’ ಎಂದು ಬರೆಯುತ್ತೇವೆ. ತಮಿಳು ಫಲಕದಲ್ಲಿ ಅದು ‘ಓಸೂರ್’. ಆನೇಕಲ್ ಸೀಮೆಯ ಅನೇಕ ಹಳ್ಳಿಗರ ಬಾಯಲ್ಲಿ ‘ಒಸೂರು’. ಹಳಗನ್ನಡದ ‘ಪಾಲ್’ ಮುಂದೆ ‘ಹಾಲು’ ಆಯಿತು, ಹಳೆ ಮೈಸೂರಿನ ಆಡುಮಾತಿನಲ್ಲಿ ‘ಆಲು’ ಆಯಿತು. ಹಕಾರ ಬಿಡುವುದು ನಾಲಗೆಯ ಸೋಮಾರಿತನವಲ್ಲ. ಪಕಾರ ಸವೆಯುತ್ತ ಬಂದ ದಾರಿಯಲ್ಲಿ ಮುಂದಿನ ಹೆಜ್ಜೆ.

ಇದೇ ನಾಲಗೆ ಇಂಗ್ಲಿಷಿಗೆ ಹೊರಳಿದಾಗ ‘ಹೀಟ್’ ‘ಈಟ್’ ಆಗುತ್ತದೆ. ಕಾಲ್ ಸೆಂಟರ್ ಉದ್ಯಮ ಇಂಥವನ್ನು ‘ಎಂ.ಟಿ.ಐ.’, ಅಂದರೆ ಮಾತೃಭಾಷೆಯ ಪ್ರಭಾವ, ಎಂದು ಕರೆಯುತ್ತದೆ. ಈ ಹೆಸರೇ ದಾರಿ ತಪ್ಪಿಸುತ್ತದೆ. ಧಾರವಾಡದವರ ಮಾತೃಭಾಷೆಯೂ ಕನ್ನಡವೇ, ಮೈಸೂರಿನ ಓದುಬರಹದ ಮನೆಗಳದ್ದೂ ಕನ್ನಡವೇ. ಅಲ್ಲಿ ಹಕಾರ ಉಳಿದಿದೆ. ಬಿಟ್ಟಿರುವುದು ಒಂದು ಸೀಮೆಯ, ಬಹುಮಟ್ಟಿಗೆ ಕೆಲವು ಜಾತಿ-ವರ್ಗಗಳ ಕನ್ನಡ.

ಎಲ್ಲ ಕನ್ನಡಿಗರಿಗೂ ಸಮಾನವಾದ ತೊಡಕು ಬೇರೆಯದು. ‘ಡೆವಲಪ್‌ಮೆಂಟ್’ ಎಂಬ ಮಾತಿನಲ್ಲಿ ಇಂಗ್ಲಿಷರ ಒತ್ತು ಎರಡನೆಯ ಭಾಗದ ಮೇಲೆ. ನಾವು ಬಹುತೇಕರು ಎಲ್ಲವನ್ನೂ ಒಂದೇ ತೂಕದಲ್ಲಿ ಆಡುತ್ತೇವೆ. ದೂರದ ಕೇಳುಗರಿಗೆ ಹೆಚ್ಚು ಕಷ್ಟವಾಗುವುದು ಇದೇ ಎಂದು ನನ್ನ ವಾದ. ಆದರೆ ಇದಕ್ಕೆ ಯಾರೂ ನಗುವುದಿಲ್ಲ. ನಗು ಕಾದಿರುವುದು ಹಕಾರಕ್ಕೆ: ಬಿಟ್ಟರೆ ಹಳ್ಳಿಗ, ಹೆದರಿ ಇಲ್ಲದ ಕಡೆ ಸೇರಿಸಿದರೆ ‘ಹಾದರದ ಸ್ವಾಗತ’ದ ಜೋಕು.

ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ನಾಟಕ ಲಂಡನ್ನಿನಲ್ಲಿ 1914ರಲ್ಲಿ ರಂಗಕ್ಕೆ ಬಂತು. ಅದರ ಹೂ ಮಾರುವ ಎಲೈಜಾ ಕೂಡ ಹಕಾರ ಬಿಡುವವಳೇ. ಇಂಗ್ಲಿಷೇ ಮಾತೃಭಾಷೆಯಾದ ಅವಳಿಗೆ ಯಾವ ಎಂ.ಟಿ.ಐ.? ಅಲ್ಲಿ ಅಳೆದದ್ದು ವರ್ಗವನ್ನು. ಇಲ್ಲಿ ಅಳೆಯುತ್ತಿರುವುದೂ ಅದನ್ನೇ.

ಸಾಹಿತ್ಯದಲ್ಲಿ ನಮ್ಮ ಲೆಕ್ಕ ಬೇರೆ. ನಂಜನಗೂಡು ಸೀಮೆಯ ಆಡುನುಡಿಯಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪುಟದಲ್ಲಿ ಮೆಚ್ಚಿದ ನುಡಿ ಸಂದರ್ಶನದ ಕೋಣೆಗೆ ಬಂದರೆ ಅಂಕ ಕಳೆಯುತ್ತದೆ.

‘ಹೀಟ್’, ‘ಈಟ್’ಗಳ ಭೇದ ಕಲಿಸಬಾರದೆಂದಲ್ಲ. ಅರ್ಥ ಕೆಡುವ ಕಡೆ ಕಲಿಸಲೇಬೇಕು. ಕೆಲಸ ಅದರ ಮೇಲೆ ನಿಂತಿದೆ. ‘ನಿನ್ನ ಮಾತಿನಲ್ಲಿ ಇಲ್ಲದ ಒಂದು ಧ್ವನಿ ಇಲ್ಲಿದೆ, ಕಲಿ’ ಎಂದರೆ ಅದು ಪಾಠ. ‘ನಿನ್ನ ಮಾತೇ ಸರಿಯಿಲ್ಲ’ ಎಂದರೆ ಕಲಿಯುವವರು ಇಂಗ್ಲಿಷನ್ನೂ ಕಲಿಯುವುದಿಲ್ಲ, ಮನೆಯಲ್ಲಿ ಆಡುವ ಕನ್ನಡಕ್ಕೂ ನಾಚುತ್ತಾರೆ.