ಚಿಕ್ಕ ಗೊಂಬೆಯ ದೊಡ್ಡ ಪ್ರಶ್ನೆ: ತೊಗಲುಗೊಂಬೆಯಾಟದ ‘ಲವಕುಶ ಕಾಳಗ’

ಮಕ್ಕಳ ನಾಟಕವೆಂದರೆ ಹಿರಿಯರ ವಸ್ತುವನ್ನು ಕುಗ್ಗಿಸಿ, ಅದರ ಕಹಿಯನ್ನು ತೆಗೆದು, ಸಿಹಿಯನ್ನಷ್ಟೇ ಉಳಿಸಿ ಕೊಡತಕ್ಕದ್ದೆಂಬ ಭಾವನೆ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ನಮ್ಮ ಹಳ್ಳಿಗಳ ತೊಗಲುಗೊಂಬೆಯಾಟ ಈ ಭಾವನೆಯನ್ನು ಎಂದೂ ಮನ್ನಿಸಿದಂತೆ ಕಾಣದು. ಅಲ್ಲಿ ಮಕ್ಕಳಿಗೊಂದು, ಹಿರಿಯರಿಗೊಂದು ಎಂಬ ಬೇರೆ ಬೇರೆ ಆಟಗಳಿಲ್ಲ. ಎಲ್ಲರಿಗೂ ಒಂದೇ ಪರದೆ, ಒಂದೇ ಕಥೆ. ಆದರೂ ಮಕ್ಕಳದೇ ಎಂದು ನಿಸ್ಸಂಕೋಚವಾಗಿ ಹೇಳಬಹುದಾದ ಪ್ರಸಂಗವೊಂದು ಅದರಲ್ಲುಂಟು. ಅದು ‘ಲವಕುಶ ಕಾಳಗ’.

ಪ್ರಸಂಗದ ಗುಣವಿಚಾರಕ್ಕೆ ಮುನ್ನ ಅದು ಆಡಲ್ಪಡುತ್ತಿದ್ದ ನೆಲವನ್ನು ನೆನೆಯುವುದು ಉಚಿತ. ಮಂಡ್ಯ, ಮದ್ದೂರು, ಮಳವಳ್ಳಿಗಳನ್ನೊಳಗೊಂಡ ಸೀಮೆ ಒಂದು ಕಾಲಕ್ಕೆ ಮಳೆಯನ್ನೂ ಕೆರೆಯನ್ನೂ ನಂಬಿದ ನೆಲ. ತೊಗಲುಗೊಂಬೆ ಆಡಿಸಿದರೆ ಮಳೆ ಬರುತ್ತದೆ, ಊರಿನ ಕೇಡು ಕಳೆಯುತ್ತದೆ ಎಂಬುದು ಜನರ ನಂಬಿಕೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ಮುಂದೆ ವಿಶ್ವೇಶ್ವರಯ್ಯ ನಾಲೆಯಾಗಿ ಹರಿದು ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯ ಹೊಲಗಳು ಕಬ್ಬು ಬತ್ತಗಳ ಗದ್ದೆಗಳಾದುವು. ನಾಲೆಯ ನೀರು ಕಂಡ ಊರಿಗೆ ಮಳೆಯ ಹರಕೆಯ ಆಟ ಮೊದಲಿನಷ್ಟು ಅನಿವಾರ್ಯವಲ್ಲ. ಹರಕೆಯ ಕಾರಣ ಸಡಿಲಿದ ಮೇಲೆ ಆಟ ಉಳಿಯಬೇಕಾದರೆ ಅದು ತನ್ನ ಕಲೆಯ ಬಲದಿಂದಲೇ ಉಳಿಯಬೇಕು. ಹಾಗೆ ಉಳಿಸಿಕೊಳ್ಳಬಲ್ಲ ಪ್ರೇಕ್ಷಕರಲ್ಲಿ ಮಕ್ಕಳೇ ಮೊದಲಿಗರು.

ಈ ಕಲೆಯನ್ನು ಹೊತ್ತು ತಂದವರು ಕಿಳ್ಳೇಕ್ಯಾತರು. ಮನೆಯಲ್ಲಿ ಮರಾಠಿಯ ಒಂದು ರೂಪವನ್ನಾಡುವ ಈ ಜನ ಪರದೆಯ ಹಿಂದೆ ಕುಳಿತೊಡನೆ ಕನ್ನಡದ ಕಥೆಗಾರರಾಗುತ್ತಾರೆ. ಹದಮಾಡಿ ಪಾರದರ್ಶಕಗೊಳಿಸಿದ ತೊಗಲಿನ ಮೇಲೆ ಚಿತ್ರ ಬಿಡಿಸಿ, ಬಣ್ಣ ತುಂಬಿ, ಆಭರಣದ ಅಂಚುಗಳಲ್ಲಿ ಸಣ್ಣ ರಂಧ್ರ ಕೊರೆಯುತ್ತಾರೆ. ಹಿಂದೆ ಎಣ್ಣೆಯ ದೀಪ, ಬಳಿಕ ಗ್ಯಾಸ್‌ಲೈಟು, ಅನಂತರ ವಿದ್ಯುದ್ದೀಪ—ಬೆಳಕು ಬದಲಾದರೂ ವಿಧಾನ ಬದಲಾಗಿಲ್ಲ. ಗೊಂಬೆ ಪರದೆಗೆ ಒತ್ತಿದರೆ ರೂಪ ಸ್ಫುಟ. ಹಿಂದೆ ಸರಿದರೆ ಮಸುಕು. ಗಣಪತಿ ಸರಸ್ವತಿಯರ ಸ್ತುತಿಯಾದ ಮೇಲೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯಗೊಂಬೆಗಳು ಬಂದು ಊರ ಸುದ್ದಿಯನ್ನಾಡಿ ನಗಿಸುತ್ತವೆ. ಆ ನಗೆಯೇ ಮಕ್ಕಳಿಗೆ ಕಥೆಯ ಹೆಬ್ಬಾಗಿಲು.

ಪ್ರಸಂಗದ ಕಥೆ ಕನ್ನಡಿಗರಿಗೆ ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ಚಿರಪರಿಚಿತ. ಶ್ರೀರಾಮನ ಯಜ್ಞಾಶ್ವ ವಾಲ್ಮೀಕಿಯ ತೋಟಕ್ಕೆ ನುಗ್ಗುತ್ತದೆ. ಅದರ ಹಣೆಯ ಬರಹವನ್ನು ಓದಿದ ಲವ ತನ್ನ ಉತ್ತರೀಯದಿಂದ ಅದನ್ನು ಬಾಳೆಯ ಗಿಡಕ್ಕೆ ಕಟ್ಟುತ್ತಾನೆ. ಜೊತೆಯ ಮುನಿಕುಮಾರರು ಹೆದರಿ ಬಿಡೆಂದರೂ ಬಿಡುವುದಿಲ್ಲ. ಯುದ್ಧ ನಡೆದು, ಶತ್ರುಘ್ನನಿಂದ ಮೊದಲ್ಗೊಂಡು ಕಡೆಗೆ ರಾಮನೂ ಮಕ್ಕಳೆದುರು ಒರಗುತ್ತಾನೆ.

ಕಾವ್ಯದಲ್ಲಿ ಇದು ವರ್ಣನೆಯ ವೈಭವ. ತೊಗಲುಗೊಂಬೆಯಲ್ಲಿ ಇದಕ್ಕೆ ಬೇರೊಂದು ಅರ್ಥ ಕೂಡುತ್ತದೆ. ಗೊಂಬೆಯ ಗಾತ್ರ ಪಾತ್ರದ ಅಂತಸ್ತನ್ನು ಅನುಸರಿಸುವುದು ಈ ಕಲೆಯ ಸಂಪ್ರದಾಯ: ಅರಸರು, ದೇವತೆಗಳು ದೊಡ್ಡವರು, ಸೇವಕರು, ಸಾಮಾನ್ಯರು ಚಿಕ್ಕವರು. ಈ ಅಳತೆಯ ನ್ಯಾಯದಲ್ಲಿ ಅಯೋಧ್ಯೆಯ ಅರಸನಿಗೆ ಸಲ್ಲುವುದು ಹಿರಿಯ ಆಕಾರ. ಆಶ್ರಮದ ಬಾಲಕರಿಗೆ ಕಿರಿದು. ಪರದೆಯ ಮೇಲೆ ಹಿರಿದು ಕಿರಿದರ ಇದಿರು ನಿಲ್ಲುತ್ತದೆ; ಕಿರಿದು ಗೆಲ್ಲುತ್ತದೆ. ಅಕ್ಷರವರಿಯದ ಮಗುವಿಗೂ ಇದನ್ನು ವಿವರಿಸಬೇಕಾಗಿಲ್ಲ. ಅಂತಸ್ತನ್ನು ಸಾರಲು ಹುಟ್ಟಿದ ಗಾತ್ರದ ನಿಯಮವೇ ಇಲ್ಲಿ ಅಂತಸ್ತನ್ನು ಪ್ರಶ್ನಿಸುವ ಸಾಧನವಾಗುತ್ತದೆ. ಈ ಪ್ರಸಂಗದ ನಾಟಕೀಯ ಶಕ್ತಿಯಿರುವುದು ಇಲ್ಲಿ.

ಆದರೆ ಗೆಲುವೇ ಪ್ರಸಂಗದ ತಿರುಳಲ್ಲ. ಮಕ್ಕಳು ಗೆದ್ದದ್ದು ತಮ್ಮ ತಂದೆಯನ್ನೇ. ಆ ಗೆಲುವಿನ ಸುದ್ದಿ ತಾಯಿಗೆ ಸಂತೋಷವಲ್ಲ, ಸಂಕಟ. ಸೀತೆಯ ಗೊಂಬೆಯ ಮುಖಭಾವ ಬದಲಾಗಲಾರದು. ತೊಗಲಿನಲ್ಲಿ ಒಮ್ಮೆ ಬರೆದ ಕಣ್ಣು ಅಳಲಾರದು. ಅಳು ಬರುವುದು ಪರದೆಯ ಹಿಂದೆ ಹಾಡುವ ಮನೆಯ ಹೆಂಗಸಿನ ಕೊರಳಿನಿಂದ. ಮೇಳದ ಕೀರ್ತಿ ಸಾಮಾನ್ಯವಾಗಿ ಗೊಂಬೆಯಾಡಿಸುವ ಗಂಡಸಿಗೆ ಸಂದರೂ, ರಸದ ಅರ್ಧಪಾಲು ಈ ಕೊರಳಿನದು. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಸಂದದ್ದು ಹೆಂಗಸರ ಈ ಪಾಲಿಗೆ ತಡವಾಗಿಯಾದರೂ ದೊರೆತ ಮನ್ನಣೆಯೆನ್ನಬೇಕು.

ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಶಾಲೆಯ ಅಂಗಳದಲ್ಲಿ ಒಂದು ಗಂಟೆಗೆ ಇಳಿಸಬೇಕಾದಾಗ ಎದುರಾಗುವ ಪ್ರಶ್ನೆಯೂ ಇದೇ. ಏನನ್ನು ಬಿಡಬೇಕು? ಬಾಣಗಳ ಕಾಳಗ ಕಣ್ಣಿಗೆ ಹಬ್ಬವೆಂದು ಅದನ್ನು ಉಳಿಸಿ, ದುಃಖ ಮಕ್ಕಳಿಗೆ ಭಾರವೆಂದು ಸೀತೆಯ ಭಾಗವನ್ನು ಕತ್ತರಿಸುವುದು ಸುಲಭ. ಆಗ ಉಳಿಯುವುದು ಬರಿಯ ಬಡಿದಾಟ. ಯಾರು ಯಾರನ್ನು, ಏಕೆ ಗೆದ್ದರೆಂಬುದೇ ಮಾಯ. ಕಾಳಗವನ್ನು ಮೊಟಕುಗೊಳಿಸಿದರೆ ಆಟ ಚಿಕ್ಕದಾಗುತ್ತದೆ, ಅಷ್ಟೆ. ತಾಯಿಯನ್ನು ತೆಗೆದರೆ ಆಟವೇ ಇಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಶ್ರಮದಿಂದ ಕೂಡಿಬಂದ ತೊಗಲುಗೊಂಬೆಗಳು ಈ ಕಲೆಯ ರೂಪವನ್ನು ಕಾಪಾಡಿವೆ. ಕೊರಳನ್ನು ಕಾಪಾಡುವ ಹೊಣೆ ಮಾತ್ರ ಆಡಿಸುವ ಊರುಗಳದು.

ಹರಿಹರನ ರಗಳೆಯ ಕೋಳೂರ ಕೊಡಗೂಸು ಹಾಲು ಕುಡಿಯದ ಶಿವನೆದುರು ಹಟ ಹಿಡಿದು ನಿಂತ ಮಗು. ಲವನು ಚಕ್ರವರ್ತಿಯ ಕುದುರೆಯನ್ನು ಕಟ್ಟಿ ನಿಂತ ಮಗು. ಒಂದು ಭಕ್ತಿಯ ಕಥೆ, ಇನ್ನೊಂದು ವೀರದ ಕಥೆ. ಎರಡರಲ್ಲಿಯೂ ಹಿರಿಯರು ಸಂದೇಹಪಡುವಲ್ಲಿ ಮಕ್ಕಳು ಸಂದೇಹಪಡುವುದಿಲ್ಲ. ಮಕ್ಕಳಿಗಾಗಿ ಬರೆಯುವವರೂ ಆಡಿಸುವವರೂ ಈ ನಿಸ್ಸಂದೇಹವನ್ನು ಗೌರವಿಸಿದರೆ ಸಾಕು, ವಸ್ತುವನ್ನು ಕುಗ್ಗಿಸಬೇಕಾಗಿಲ್ಲ. ಮಂಡ್ಯದ ಬಯಲಿಗೆ ನೀರು ಇಂದು ನಾಲೆಯಿಂದ ಬರುತ್ತದೆ. ಪರದೆಯ ಮುಂದೆ ಕುಳಿತ ಮಗುವಿನ ಕಣ್ಣಿನ ಬೆಳಕಿಗೆ ಇನ್ನೂ ಆ ಚಿಕ್ಕ ಗೊಂಬೆಯೇ ಬೇಕು.