ಒಲೆ ಮಾರುವವನ ಕೋಪ: ಎಬೇರನ ಪತ್ರಿಕಾಗದ್ಯ

ಫ್ರಾನ್ಸಿನ ಮಹಾಕ್ರಾಂತಿಯ ಪತ್ರಿಕಾಕರ್ತರಲ್ಲಿ ಮಾರಾನಿಗೆ ಹುತಾತ್ಮನ ಪ್ರಭಾವಳಿಯುಂಟು. ಕಾಮಿಲ್ ದೆಮುಲಾನನಿಗೆ ಶೈಲಿಕಾರನೆಂಬ ಕೀರ್ತಿಯುಂಟು. ಝಾಕ್ ರನೆ ಎಬೇರನ ಪಾಲಿಗೆ ಬಂದುದು ದುಷ್ಕೀರ್ತಿಯೊಂದೇ. ಬೈಗುಳವನ್ನೇ ಕಸುಬಾಗಿ ಮಾಡಿಕೊಂಡವನಿಗೆ ಇದು ತಕ್ಕುದೇ ಎನ್ನುವವರೂ ಇದ್ದಾರೆ. ಅವನ ಗದ್ಯ ಬಚ್ಚಲ ನೀರೆಂದು ಒಂದು ಪಕ್ಷ. ಬೀದಿಯ ಬಡವನ ಬಾಯಿಂದ ನೇರವಾಗಿ ಹೊರಟ ಮಾತೆಂದು ಇನ್ನೊಂದು ಪಕ್ಷ. ನನಗೆ ತೋರುವಂತೆ ಎರಡು ಪಕ್ಷಗಳ ತಪ್ಪೂ ಒಂದೇ. ಎರಡೂ ಮುಖವಾಡವನ್ನೇ ಮುಖವೆಂದು ಬಗೆದಿವೆ.

ಎಬೇರನು ಎಂದೂ ಒಲೆ ಮಾರಿದವನಲ್ಲ. 1757ರಲ್ಲಿ ಅಲಾನ್ಸೋನ್ ಪಟ್ಟಣದ ಅಕ್ಕಸಾಲಿಯೊಬ್ಬನ ಮಗನಾಗಿ ಹುಟ್ಟಿ, ಸಾಕಷ್ಟು ಓದಿ, ವಕೀಲನ ಕಚೇರಿಯಲ್ಲಿ ಗುಮಾಸ್ತನಾದನು. ಊರಿನ ವೈದ್ಯನೊಬ್ಬನನ್ನು ನಿಂದಿಸಿದ ಭಿತ್ತಿಪತ್ರದ ಮೊಕದ್ದಮೆಯಲ್ಲಿ ಸೋತು, ಹಣ ಕಳೆದುಕೊಂಡು ಪ್ಯಾರಿಸಿಗೆ ಓಡಿಬಂದನು. ಲೇಖನಿಯಿಂದ ಅವನಿಗೆ ಒದಗಿದ ಮೊದಲ ಆಪತ್ತು ಇದು. ಪ್ಯಾರಿಸಿನಲ್ಲಿ ನಾಟಕಶಾಲೆಯೊಂದರ ಬಾಗಿಲಲ್ಲಿ ಟಿಕೆಟ್ಟು ನೋಡುವ ಕೆಲಸ ಸಿಕ್ಕಿತು. ಆ ಬಾಗಿಲನ್ನು ನಾವು ಮರೆಯತಕ್ಕದ್ದಲ್ಲ. ಏಕೆಂದರೆ ‘ಪೇರ್ ದ್ಯುಶೆನ್’ ಎಂಬ ಒರಟು ಮುದುಕ ಎಬೇರನ ಸೃಷ್ಟಿಯಲ್ಲ. ಜಾತ್ರೆಯ ರಂಗಸ್ಥಳದಿಂದ ಬಂದ ಪಾತ್ರ. ‘ಪೇರ್’ ಎಂದರೆ ತಂದೆ. ನಮ್ಮ ಹಳ್ಳಿಗಳಲ್ಲಿ ಹಿರಿಯನನ್ನು ಅಪ್ಪ, ಅಜ್ಜ ಎಂದು ಕರೆಯುವ ಸಲಿಗೆ ಆ ಶಬ್ದದಲ್ಲಿದೆ. ಇದೇ ಪಾತ್ರದ ಹೆಸರಿನಲ್ಲಿ ಬೇರೆಯವರೂ ಪತ್ರಿಕೆ ಹೊರಡಿಸಿದರು. 1790ರ ಶರತ್ಕಾಲದಲ್ಲಿ ಎಬೇರನೂ ಅದನ್ನು ಎತ್ತಿಕೊಂಡನು. ಮಿಕ್ಕವರನ್ನೆಲ್ಲ ಜನ ಮರೆತರು.

ಪತ್ರಿಕೆ ಎಂಟೇ ಪುಟದ್ದು. ನೆತ್ತಿಯಲ್ಲಿ ಮೀಸೆಯ, ಚುಂಗಾಣಿಯ ದ್ಯುಶೆನ್ನನ ಚಿತ್ರ. ಕೊನೆಯಲ್ಲಿ ಎರಡು ಒಲೆಗಳು. ಪ್ರತಿ ಸಂಚಿಕೆಯ ಶಿರೋನಾಮೆಯೂ ಸಾಮಾನ್ಯವಾಗಿ ಅವನ ‘ಮಹಾಕೋಪ’ ಇಲ್ಲವೆ ‘ಮಹಾಸಂತೋಷ’. ವಾಕ್ಯಕ್ಕೊಂದು ಹೊಲಸು ಮಾತು ಬರುತ್ತದೆ. ಆದರೆ ಅದು ಬಂದ ಜಾಗವನ್ನು ಗಮನಿಸಿರಿ: ಉಸಿರು ನಿಲ್ಲುವಲ್ಲಿ, ತಾಳ ಬೀಳುವಲ್ಲಿ. ಅದನ್ನು ತೆಗೆದರೆ ಕೆಳಗೆ ನಿಲ್ಲುವುದು ವ್ಯಾಕರಣಶುದ್ಧವಾದ, ಓದಿದವನ ವಾಕ್ಯ. ಬೈಗುಳದ ಕನ್ನಡ ಹೇಗಿರಬೇಕೆಂದು ನಾನು ಕೆಲವು ಪುಟಗಳಲ್ಲಿ ಪ್ರಯತ್ನಿಸಿ ನೋಡಿದೆ. ಶಬ್ದಗಳು ಸಿಕ್ಕವು, ಲಯ ಸಿಕ್ಕಲಿಲ್ಲ.

ಹೀಗೆಂದು ಅವನ ಸಾಧನೆಯನ್ನು ಹಳಿಯುವಂತಿಲ್ಲ. ಸಂವಿಧಾನ, ಸಾರ್ವಭೌಮತ್ವಗಳ ಘನವಾದ ಚರ್ಚೆಯೊಳಕ್ಕೆ ರೊಟ್ಟಿಯ ಬೆಲೆಯನ್ನು, ಕಟುಕನ ಅಂಗಡಿಯನ್ನು, ಕಿರಾಣಿಯವನ ತಕ್ಕಡಿಯನ್ನು ನುಗ್ಗಿಸಿದವನು ಅವನು. ಅಕ್ಷರ ಬಾರದವರೂ ಇನ್ನೊಬ್ಬರಿಂದ ಓದಿಸಿ ಕೇಳಬಹುದಾದ ರಾಜಕೀಯ ಗದ್ಯ ಅದು.

ಆದರೆ ಈ ಕೋಪವನ್ನು ಕೊಂಡವರು ಯಾರು? 1793ರಲ್ಲಿ ಯುದ್ಧಮಂತ್ರಿ ಬೂಶೋತನು ಸೈನಿಕರಿಗೆ ಹಂಚಲು ಪತ್ರಿಕೆಯ ಪ್ರತಿಗಳನ್ನು ರಾಶಿರಾಶಿಯಾಗಿ ಕೊಂಡನು. 1794ರ ಆರಂಭದಲ್ಲಿ ದೆಮುಲಾನನು ತನ್ನ ‘ವ್ಯೂ ಕೋರ್ದೆಲ್ಯೇ’ಯಲ್ಲಿ ಈ ಲೆಕ್ಕವನ್ನು ಬಯಲಿಗೆ ತಂದನು. ಅಕ್ಟೋಬರ್ 4ರಂದು 6 ಲಕ್ಷ ಪ್ರತಿಗಳಿಗಾಗಿ 60,000 ಲಿವ್ರ್. ಲಿವ್ರಿಗೆ ಇಪ್ಪತ್ತು ಸೂ ಆದ್ದರಿಂದ ಪ್ರತಿಗೆ ಎರಡು ಸೂ ಬೀಳುತ್ತದೆ. ಅಚ್ಚಿನ ವೆಚ್ಚ ಇದಕ್ಕಿಂತ ಬಹಳ ಕಡಿಮೆಯೆಂಬುದು ದೆಮುಲಾನನ ವಾದ. ಲೆಕ್ಕದ ಪುಸ್ತಕಗಳ ನಡುವೆ ಬಾಳುವ ನನಗೆ ಈ ಸಂಖ್ಯೆಗಳಲ್ಲಿ ಕಳ್ಳತನಕ್ಕಿಂತ ಬೇರೊಂದು ಸಂಗತಿ ಕಾಣುತ್ತದೆ. ಸರ್ಕಾರ ಬೇರೆ ಪತ್ರಿಕೆಗಳನ್ನೂ ಕೊಳ್ಳುತ್ತಿತ್ತು, ಅದೇನೂ ಗುಟ್ಟಲ್ಲ. ಆದರೆ ಬೀದಿಯ ಕೋಪಕ್ಕೆ ಖಜಾನೆಯೇ ದೊಡ್ಡ ಗಿರಾಕಿಯಾದ ಮೇಲೆ ಆ ಕೋಪ ಯಾರ ಕಡೆಗೆ ತಿರುಗಬಲ್ಲದು? ಸಿಕ್ಕಿದವರ ಕಡೆಗೆ. 1793ರ ಅಕ್ಟೋಬರಿನಲ್ಲಿ ರಾಣಿ ಮರಿ ಆಂತ್ವಾನೆತ್ತಳ ವಿಚಾರಣೆಯಲ್ಲಿ ಅವನು ತಾಯಿ ಮಗನ ಸಂಬಂಧವನ್ನೇ ಕೆಡಿಸಿ ಹೇಳಿದ ಸಾಕ್ಷ್ಯ ಅವನ ಜೀವನದ ಅತ್ಯಂತ ನೀಚ ಕೃತ್ಯ. ಅಲ್ಲಿ ದ್ಯುಶೆನ್ನನ ನಗೆಯೂ ಇಲ್ಲ, ಲಯವೂ ಇಲ್ಲ. ರಾಣಿ ಸಭೆಯಲ್ಲಿದ್ದ ತಾಯಂದಿರ ಕಡೆಗೆ ತಿರುಗಿದಳು, ಗೆಲುವು ಅವಳದಾಯಿತು.

ಕೊನೆಯ ತಿಂಗಳುಗಳ ಸಂಚಿಕೆಗಳಲ್ಲಿ ಈ ಶೈಲಿ ತನ್ನನ್ನೇ ತಿನ್ನತೊಡಗುತ್ತದೆ. ಗಜ್ಜರಿ ಮಾರುವವಳನ್ನೂ ದೊಡ್ಡ ಸಗಟು ವ್ಯಾಪಾರಿಯನ್ನೂ ಸಮಾನವಾಗಿ ದಂಡಿಸಬೇಕೆಂದು ದ್ಯುಶೆನ್ ಗುಡುಗುತ್ತಾನೆ. ಗಜ್ಜರಿ ಮಾರುವವಳು ಯಾರು? ಈ ಪತ್ರಿಕೆಯನ್ನು ಓದಿಸಿ ಕೇಳುತ್ತಿದ್ದವಳೇ ಅಲ್ಲವೆ? 1794ರ ಮಾರ್ಚ್ 4ರಂದು ಕೋರ್ದೆಲ್ಯೇ ಸಂಘದಲ್ಲಿ ಎಬೇರನ ಪಕ್ಷ ದಂಗೆಯ ಮಾತನ್ನೆತ್ತಿತು, ಬೀದಿ ಮಿಸುಕಲಿಲ್ಲ. ಹತ್ತು ದಿನ ಕಳೆಯುವುದರೊಳಗೆ ಬಂಧನವಾಯಿತು. ವಿದೇಶೀ ಪಿತೂರಿ ಎಂಬುದು ಆರೋಪ. ಆದರೆ ಸಾಕ್ಷಿಗಳು ಬಹಳ ಮಟ್ಟಿಗೆ ಹೇಳಿದ್ದು ನಾಟಕಶಾಲೆಯ ಹಳೆಯ ಹಣದ ಗುಸುಗುಸು, ಕದ್ದ ಅಂಗಿಗಳ ಕಥೆ.

ಮಾರ್ಚ್ 24ರಂದು ಹದಿನೆಂಟು ಮಂದಿಯ ತಲೆ ಬಿದ್ದವು. ಗಿಲೊಟಿನ್ನಿಗೆ ‘ರಾಷ್ಟ್ರದ ಕ್ಷೌರಕತ್ತಿ’ ಮೊದಲಾದ ನಗೆಹೆಸರುಗಳನ್ನು ಹರಡಿದ್ದ ಎಬೇರನು ಧೈರ್ಯಗೆಟ್ಟು ಹೋದನೆಂದು ಅಂದಿನವರು ಬರೆದಿದ್ದಾರೆ. ದ್ಯುಶೆನ್ನನಿಗೆ ಇಂದು ಬಹಳ ಕೋಪವೆಂದು ಪತ್ರಿಕೆ ಮಾರುವ ಹುಡುಗರು ಕೂಗುತ್ತಿದ್ದ ಮಾತನ್ನೇ ಗುಂಪು ಅವನತ್ತ ಕೂಗಿತಂತೆ. ಜನ ಅವನನ್ನು ಗೇಲಿಮಾಡಿದ್ದು ಅವನ ಮಾತಿನಿಂದ. ಆ ಮಾತು ಅವರಿಂದಲೇ ಅವನು ಪಡೆದ ಸಾಲ.

ಏಪ್ರಿಲ್ 5ರಂದು ದೆಮುಲಾನನೂ ಅದೇ ಹಾದಿ ಹಿಡಿದನು. ಏಪ್ರಿಲ್ 13ರಂದು ಅವನ ಹೆಂಡತಿ ಲ್ಯೂಸಿಲ್, ಎಬೇರನ ಹೆಂಡತಿ ಫ್ರಾಂಸ್ವಾಸ್ ಇಬ್ಬರನ್ನೂ ಒಟ್ಟಿಗೆ ಕೊಂದರು. ಫ್ರಾಂಸ್ವಾಸ್ ಹಿಂದೆ ಸಂನ್ಯಾಸಿನಿಯಾಗಿದ್ದವಳು. ಅವಳ ಮಗುವಿಗೆ ಆಗ ಒಂದು ವರ್ಷ ದಾಟಿತ್ತು, ಅಷ್ಟೆ.

ಒಲೆ ಮಾರುವವನು ಮಾತ್ರ ಸಾಯಲಿಲ್ಲ. 1871ರಲ್ಲಿ ಪ್ಯಾರಿಸ್ ಕಮ್ಯೂನಿನ ದಿನಗಳಲ್ಲಿ ವೆರ್ಮೆರ್ಶ್, ವಿಯೋಮ್, ಎಂಬೇರ್ ಎಂಬ ಮೂವರು ವಿದ್ಯಾವಂತ ತರುಣರು ಅದೇ ಹೆಸರಿನ ಪತ್ರಿಕೆ ತೆಗೆದು, ಅದೇ ಧಾಟಿಯಲ್ಲಿ ಮತ್ತೆ ಬೈಯತೊಡಗಿದರು.