ಬಾತುಕೋಳಿಯ ಕೋಟು

ಕಾಂಪೌಂಡ್ ಬಿಲ್ಲನ್ನು ಬಿಲ್ಲೆಂದು ಒಪ್ಪಬಹುದೇ ಎಂಬ ಹಳೆಯ ವ್ಯಾಜ್ಯವನ್ನು ಈ ವಾರ ಕೈಗೆತ್ತಿಕೊಳ್ಳುವೆನೆಂದು ವಾಚಕರಿಗೆ ಮಾತುಕೊಟ್ಟಿದ್ದೆ. ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ ಆ ರಾಟೆಯಂತ್ರದ ವಿಷಯದಲ್ಲಿ ನನಗಿರುವ ಅಭಿಪ್ರಾಯ ಈ ಅಂಕಣವನ್ನು ಬಲ್ಲವರಿಗೆ ಹೊಸತೂ ಅಲ್ಲ, ಕೆಲವರಿಗೆ ಹಿತವೂ ಅಲ್ಲ. ಆದರೆ ಬರೆಯಲು ಕುಳಿತ ವೇಳೆಗೆ ಸರಿಯಾಗಿ ಮಿಷಿಗನ್ನಿನ ಮಿತ್ರರೊಬ್ಬರ ಪತ್ರ ಬಂದುದರಿಂದ, ವಾಗ್ದಾನಕ್ಕಿಂತ ವಿನೋದವೇ ಬಲವತ್ತರವಾಯಿತು.

ಈ ಮಹನೀಯರು ರಾಟೆಯ ಪಂಥದ ಕಟ್ಟಾ ಅನುಯಾಯಿಗಳು. ಬಾಣಗಳನ್ನು ಗ್ರೇನ್ ಲೆಕ್ಕದಲ್ಲಿ ತೂಗಿ, ಮೊನೆಗಳನ್ನು ಮತ್ತೆ ಮತ್ತೆ ಬದಲಿಸಿ ನೋಡಿ, ಬೇಸಗೆಯುದ್ದಕ್ಕೂ ತೆಳು ಅಂಗಿಯಲ್ಲಿ ನಿಂತು ಹಿತ್ತಲಿನ ಗುರಿಹಲಗೆಯನ್ನು ಜರಡಿ ಮಾಡಿದವರು. ಅವರ ರಾಜ್ಯದಲ್ಲಿ ಬಿಲ್ಲುಬೇಟೆ ಅಕ್ಟೋಬರ್ 1ರಂದು ಆರಂಭ. ನವೆಂಬರ್ 15ಕ್ಕೆ ಬಂದೂಕಿನವರು ಕಾಡಿಗೆ ನುಗ್ಗುವರು. ಆ ನಡುವಣ ಕೊನೆಯ ದಿನಗಳಲ್ಲಿ, ಬಿಳಿಬಾಲದ ಜಿಂಕೆಯ ಗಂಡುಗಳು ಬೆದೆಯ ಮದದಲ್ಲಿ ಎಚ್ಚರಗೆಟ್ಟು ಅಲೆಯುವಾಗ, ಚಳಿಯೂ ಮೂಳೆಗಿಳಿಯುತ್ತದೆ. ಅದಕ್ಕಾಗಿ ಮಿತ್ರರು ಬಾತುಕೋಳಿಯ ತುಪ್ಪುಳ ತುಂಬಿದ ಹೊಸ ಕೋಟೊಂದನ್ನು ಕೊಂಡರು. ಬಿಲ್ಲಿಗೆ ನಡೆದ ಪರೀಕ್ಷೆ ಕೋಟಿಗೆ ನಡೆಯಲಿಲ್ಲ.

ಓಕ್ ಮರದ ಅಟ್ಟಣೆಯ ಮೇಲೆ ಬೆಳಗಿನಿಂದ ಮರಗಟ್ಟಿ ಕುಳಿತಿದ್ದವರ ಎದುರಿಗೆ, ಇಪ್ಪತ್ತು ಗಜದೊಳಗೆ, ಭಾರಿ ಕೊಂಬಿನ ಗಂಡೊಂದು ಅಡ್ಡವಾಗಿ ಬಂದು ನಿಂತಿತು. ಸೆಳೆದರು, ಬಿಟ್ಟರು. ಎಡತೋಳಿನ ಮೇಲೆ ದಿಂಬಿನಂತೆ ಉಬ್ಬಿದ್ದ ತೋಳುಬಟ್ಟೆ ಹೆದೆಯ ದಾರಿಗೆ ಅಡ್ಡ ಬಂದು, ಬಾಣಕ್ಕೆ ಸಲ್ಲಬೇಕಾದ ವೇಗದ ಬಹುಭಾಗ ಬಟ್ಟೆಗೆ ಸಂದುಹೋಯಿತು. ಬಾಣ ಅಟ್ಟಣೆಯ ಬುಡದಲ್ಲೇ ನೆಲಕ್ಕೆ ನಾಟಿತು. ಕೋಟಿನ ಹೊಲಿಗೆ ಬಿರಿದು ತುಪ್ಪುಳವೆಲ್ಲ ಹಿಮದಂತೆ ಇಳಿಯತೊಡಗಿತು. ಜಿಂಕೆಯಾದರೋ ಒಮ್ಮೆ ನೆಗೆದು, ಹಿಂದಿರುಗಿ ಬಂದು, ಬಾಣದ ಗರಿಯನ್ನು ಮೂಸಿ, ತಲೆಯೆತ್ತಿ ಈ ಅಕಾಲ ಹಿಮಪಾತವನ್ನು ಸಾವಧಾನವಾಗಿ ಅವಲೋಕಿಸಿ ಹೊರಟುಹೋಯಿತಂತೆ. ಮನೆಗೆ ಮರಳಿದವರ ವೇಷವನ್ನು ಕಂಡು ಬೇಟೆ ಬಾತುಕೋಳಿಯದೆಂದೇ ತಾವು ಭಾವಿಸಿದುದಾಗಿ ಅವರ ಶ್ರೀಮತಿಯವರು ಪತ್ರದ ಅಂಚಿನಲ್ಲಿ ಬರೆದಿದ್ದಾರೆ.

ಇದನ್ನು ರಾಟೆಯ ತಲೆಗೆ ಕಟ್ಟಲು ನನಗೆ ಆಸೆಯೇನೋ ಉಂಟು, ನ್ಯಾಯವಲ್ಲ. ಅಪರಾಧಿಗಳು ಬೇರೆ: ಆರ್ಮ್‌ಗಾರ್ಡ್ ಎಂಬ ಚರ್ಮದ ತೋಳುಪಟ್ಟಿ ಮಕ್ಕಳಿಗೆ ಮಾತ್ರ ಎಂದು ಸಾರುವ ಬರಿದೋಳಿನ ಪಂಡಿತರು. ಎಲಿಜಬೆತ್ ರಾಣಿಗೆ ಗುರುವಾಗಿದ್ದ ರೋಜರ್ ಆಸ್ಕಂ 1545ರಲ್ಲಿ ಪ್ರಕಟಿಸಿದ ‘ಟಾಕ್ಸೊಫಿಲಸ್’ ಎಂಬ ಸಂವಾದವೇ ಇವರಿಗೆ ಪ್ರಮಾಣ. ಹೆದೆ ತೋಳನ್ನು ಮುಟ್ಟದಷ್ಟು ಬಿಲ್ಲನ್ನು ಬಾಗಿಸಿಟ್ಟರೆ ಪಟ್ಟಿಯ ಅಗತ್ಯವೇ ಇಲ್ಲ, ಅದಿಲ್ಲದ ಉತ್ತಮ ಬಿಲ್ಗಾರರು ಹಲವರುಂಟು ಎಂದು ಆಸ್ಕಂ ಹೇಳಿರುವುದು ದಿಟ. ಆದರೆ ಅದೇ ಪ್ರಕರಣದ ಉಳಿದ ಮಾತುಗಳನ್ನು ಇವರು ಓದಿದಂತೆ ಕಾಣೆ. ಪಟ್ಟಿ ಇರುವುದು ಹೆದೆಯ ಹೊಡೆತದಿಂದ ತೋಳನ್ನೂ ಸವೆತದಿಂದ ಅಂಗಿಯನ್ನೂ ಕಾಯಲು. ಅಷ್ಟೇ ಅಲ್ಲದೆ, ಅದರ ಮೇಲೆ ಜಾರುವ ಹೆದೆ ಬಾಣವನ್ನು ಇನ್ನೂ ಚುರುಕಾಗಿ ಕಳುಹಲು. ಅದಕ್ಕೆ ಮೊಳೆಯಿರಬಾರದು, ಬಕ್ಕಲ್ ಇರಬಾರದು, ಕಟ್ಟುವ ದಾರಕ್ಕೆ ಲೋಹದ ತುದಿಯೂ ಇರಬಾರದು. ಹೆದೆಯನ್ನು ಕತ್ತರಿಸುವ ಮೊಳೆಯ ಬಗೆಗೆ ಅವನಿಗೆ ವಿಶೇಷ ಭಯ. ಅಂಗಿಯ ತೋಳನ್ನೂ ಎಣಿಕೆಗೆ ತಂದುಕೊಂಡ ಇಂಥ ಸೂಕ್ಷ್ಮದರ್ಶಿಯನ್ನು ಬರಿದೋಳಿನ ಸಾಕ್ಷಿಯಾಗಿ ಕಟಕಟೆಗೆ ಹತ್ತಿಸುವುದು ಅನ್ಯಾಯ. ಅಷ್ಟು ದೂರವೇಕೆ? ವಿಶ್ವಾಮಿತ್ರರ ಹಿಂದೆ ಹೊರಟ ರಾಮಲಕ್ಷ್ಮಣರಿಗೂ ವಾಲ್ಮೀಕಿ ತೋಳಿನ ಗೋಧೆಯನ್ನೂ ಬೆರಳಿನ ಅಂಗುಲಿತ್ರಾಣವನ್ನೂ ಮರೆಯದೆ ಕಟ್ಟಿಸಿದ್ದಾನೆ. ಆ ಕುಮಾರರಿಗೆ ಬೇಕಾದದ್ದು ನಮ್ಮ ಪಂಡಿತರಿಗೆ ಬೇಡವಾಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ನಮ್ಮ ವಾಚಕರು ಬಾಣ ಬಿಡುವುದು ಹುಲ್ಲಿನ ಗುರಿಗಳಿಗೇ ಆದರೂ, ಧನುರ್ಮಾಸದ ಬೆಳಗುಗಳಲ್ಲಿ ಸ್ವೆಟರ್ ತೊಟ್ಟೇ ಬಯಲಿಗೆ ಇಳಿಯುವರಷ್ಟೆ. ಅಂಥವರಲ್ಲಿ ನನ್ನ ಬಿನ್ನಹ ಇಷ್ಟೆ: ಬಿಲ್ಲು ಹಿಡಿವ ತೋಳಿನ ಉಣ್ಣೆಯನ್ನು ಚರ್ಮದ ಪಟ್ಟಿಯೊಳಗೆ ಬಿಗಿಯಾಗಿ ಕಟ್ಟಿಕೊಂಡು, ಮೊದಲ ಕೆಲವು ಬಾಣಗಳನ್ನು ಹತ್ತು ಹೆಜ್ಜೆಯ ದೂರದಿಂದಲೇ ಬಿಟ್ಟು ನೋಡಿರಿ.